ಆಳದ ಗುಂಡಿ, ಕೊನೆಯಿಲ್ಲದ ಚರಂಡಿ: ಹಳ್ಳಿಯ ಗಾರೆ ಮೇಸ್ತ್ರಿಗಳಿಗೊಂದು ಬಹಿರಂಗ ಪತ್ರ



ಬೆಳಿಗ್ಗೆ ಹತ್ತು ಗಂಟೆ. ಮನೆಯ ಹಿತ್ತಲು. ಯಜಮಾನ ಲುಂಗಿ ಎತ್ತಿ ಕಟ್ಟಿಕೊಂಡು ನಿಂತಿದ್ದಾನೆ. ನೀವು ಹಾರೆಯ ತುದಿಯಲ್ಲಿ ನೆಲದ ಮೇಲೆ ಗುಂಡಗೆ ಒಂದು ಗೀರು ಎಳೆದಿದ್ದೀರಿ. "ಎಷ್ಟು ಆಳ ತೆಗೆಯೋಣ ಮೇಸ್ತ್ರಿ?" ಅಂತ ಅವನು ಕೇಳುತ್ತಾನೆ. "ಆಳ ಇದ್ದಷ್ಟೂ ಒಳ್ಳೇದು, ಮೊಮ್ಮಕ್ಕಳ ಕಾಲಕ್ಕೂ ತುಂಬಾಕಿಲ್ಲ" ಅಂತ ನೀವು. ಅವನಿಗೆ ಖುಷಿ, ನಿಮಗೂ ಖುಷಿ. ಕಾಫಿ ಬರುತ್ತದೆ. ಆ ಮನೆಯ, ಆ ಬೀದಿಯ, ಪಕ್ಕದ ಕೊಳವೆಬಾವಿಯ ಮುಂದಿನ ನಲವತ್ತು ವರ್ಷದ ಹಣೆಬರಹ ಈ ಎರಡು ಮಾತಿನಲ್ಲಿ ಬರೆದು ಮುಗಿಯಿತು.

ಅದಕ್ಕೇ ಈ ಪತ್ರ ನಿಮಗೆ. ಮಂತ್ರಿಗಳಿಗೆ, ಜಿಲ್ಲಾ ಪಂಚಾಯ್ತಿ ಸಿಇಒಗಳಿಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನೂ ಬರೆದಿದ್ದೇನೆ. ‘ಪರಿಶೀಲಿಸಿ ಕ್ರಮ ಕೈಗೊಳ್ಳಲು’ ಅಂತ ಷರಾ ಬಿದ್ದು ಅದು ನನ್ನ ಟೇಬಲ್ಲಿಗೇ ವಾಪಸು ಬಂದದ್ದೂ ಉಂಟು. ಮೂವತ್ತೊಂದು ವರ್ಷ ಹಳ್ಳಿ ರಸ್ತೆ, ಚರಂಡಿ, ನೀರಿನ ಟ್ಯಾಂಕು, ಶೌಚಾಲಯಗಳ ಎಸ್ಟಿಮೇಟ್ ಬರೆದು, ಎಂ.ಬಿ. ಪುಸ್ತಕದಲ್ಲಿ ಅಳತೆ ತುಂಬಿ, ಬಿಲ್ಲಿಗೆ ಸಹಿ ಹಾಕಿ ನಿವೃತ್ತನಾದ ಜೂನಿಯರ್ ಎಂಜಿನಿಯರ್, ಅಂದರೆ ಜೆ.ಇ., ನಾನು. ನಿಮ್ಮಲ್ಲಿ ಎಷ್ಟೋ ಜನಕ್ಕೆ ನನ್ನ ಮುಖ ಗೊತ್ತಿರಬಹುದು. ಟೇಪಿನ ಒಂದು ತುದಿ ನಿಮ್ಮ ಕೈಗೆ ಕೊಟ್ಟು ಇನ್ನೊಂದು ತುದಿ ಹಿಡಿದು ನಿಂತವನು ನಾನೇ, ಇಲ್ಲವೇ ನನ್ನಂಥವನೇ.

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. 2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಶುರುವಾಯಿತು. ಒಂದು ಶೌಚಾಲಯಕ್ಕೆ 12,000 ರೂಪಾಯಿ ಪ್ರೋತ್ಸಾಹಧನ. ಕಟ್ಟಿದ್ದಕ್ಕೆ ಸಾಕ್ಷಿಯಾಗಿ ಫೋಟೊ ಬೇಕು, ಅದರಲ್ಲಿ ಜಾಗದ ಗುರುತೂ ಇರಬೇಕು. ಫೋಟೊದಲ್ಲಿ ಬಾಗಿಲು ಕಾಣುತ್ತಿತ್ತು, ಬಣ್ಣ ಕಾಣುತ್ತಿತ್ತು, ಮುಂದೆ ಕೈಕಟ್ಟಿ ನಿಂತ ಯಜಮಾನ ಕಾಣುತ್ತಿದ್ದ. ಗುಂಡಿ ಕಾಣುತ್ತಿರಲಿಲ್ಲ. ಹಳ್ಳಿಗೆ ಹೋದಾಗ ನಾನೂ ಬಾಗಿಲು ತಳ್ಳಿ, ಬೇಸಿನ್ನು ನೋಡಿ, ಚಾವಣಿಯ ಶೀಟು ತಟ್ಟಿ ಮುಂದಿನ ಮನೆಗೆ ನಡೆದೆ. ಚಪ್ಪಡಿ ಎತ್ತಿಸಿ ಒಳಗೆ ಇಣುಕಿ ನೋಡಿದ್ದು ಬೆರಳೆಣಿಕೆಯಷ್ಟು ಸಲ. 2019ರ ಅಕ್ಟೋಬರ್ 2ರಂದು ದೇಶದ ಹಳ್ಳಿಗಳೆಲ್ಲ ಬಯಲು ಬಹಿರ್ದೆಸೆಯಿಂದ ಮುಕ್ತವಾದವು ಎಂದು ಘೋಷಣೆಯಾಯಿತು. ಆ ಘೋಷಣೆಯನ್ನು ಗೇಲಿ ಮಾಡುವವನು ನಾನಲ್ಲ. ನಮ್ಮ ಅಕ್ಕತಂಗಿಯರು ಕತ್ತಲಾಗಲಿ ಅಂತ ಹೊಟ್ಟೆ ಹಿಡಿದು ಕಾಯುವುದು ಎಷ್ಟೋ ಮನೆಗಳಲ್ಲಿ ತಪ್ಪಿತು, ಅದು ಸಣ್ಣ ಮಾತಲ್ಲ. ನನ್ನ ತಕರಾರು ನೆಲದ ಕೆಳಗಿನದು. ಅಲ್ಲಿಗೆ ನಾನು ಟೇಪು ಇಳಿಸಲೇ ಇಲ್ಲ.

ನನ್ನ ಮನೆಯ ಕಥೆ ಕೇಳಿ. ನಮ್ಮೂರು ಶಿರಾ ಸೀಮೆಯದು. ಅಪ್ಪ ಹೊಸ ಮನೆ ಕಟ್ಟಿಸಿದಾಗ ಹಿತ್ತಲಲ್ಲಿ ಇಪ್ಪತ್ತೆರಡು ಅಡಿ ಗುಂಡಿ ತೆಗೆಸಿದರು. ತೆಗೆದವರು ಬಾವಿ ತೋಡುವ ಆಳುಗಳೇ, ಕಲ್ಲು ಕಟ್ಟಿದವರು ನಮ್ಮೂರಿನ ಹಿರಿಯ ಮೇಸ್ತ್ರಿ. ಅಚ್ಚುಕಟ್ಟಾದ ಕೆಲಸ. ನೀರು ಸೇದುವ ನಮ್ಮ ಬಾವಿ ಅಲ್ಲಿಂದ ನಲವತ್ತು ಹೆಜ್ಜೆ ಇರಬಹುದು. ಗುಂಡಿ ಇಪ್ಪತ್ತು ವರ್ಷವಾದರೂ ತುಂಬಲಿಲ್ಲ. ಅಪ್ಪ ಅದನ್ನು ಮನೆಗೆ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದರು. ನಮ್ಮಲ್ಲಿ ಆಳ ಅನ್ನುವುದು ಪ್ರತಿಷ್ಠೆಯ ವಿಷಯ: ಬೋರು ಸಾವಿರ ಅಡಿ, ಗುಂಡಿ ಇಪ್ಪತ್ತು ಅಡಿ, ಮಿಕ್ಕದ್ದನ್ನು ಕೇಳಬಾರದು. ದಿನಾ ಹಾಕಿದ್ದು ತುಂಬುತ್ತಿಲ್ಲ ಅಂದಮೇಲೆ ಅದು ಹೋಗುತ್ತಿರುವುದು ಎಲ್ಲಿಗೆ ಅಂತ ಎಂಜಿನಿಯರ್ ಮಗ ಒಂದು ದಿನವೂ ಕೇಳಲಿಲ್ಲ. ಅಪ್ಪ ತೀರಿಕೊಂಡ ಮೇಲೆ, ಮೊಮ್ಮಗು ಬರುತ್ತದೆ ಅಂತ ಬಾವಿ ನೀರನ್ನು ಪರೀಕ್ಷೆಗೆ ಕಳಿಸಿದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ನಮ್ಮದು ಅದರ ಎರಡರಷ್ಟನ್ನೂ ದಾಟಿತ್ತು. ಎಳೆ ಕೂಸುಗಳಿಗೆ ಆ ನೀರು ಕುಡಿಸಿದರೆ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ಮೈ ನೀಲಿಗಟ್ಟಬಹುದು. ಕುದಿಸಿದರೂ ನೈಟ್ರೇಟ್ ಹೋಗುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ.

ಎಲ್ಲವೂ ನಮ್ಮ ಗುಂಡಿಯದೇ ಪಾಪ ಅಂತ ನಾನು ಹೇಳಲಾರೆ. ಸುತ್ತಲ ಹೊಲಕ್ಕೆ ಬಿದ್ದ ಯೂರಿಯಾದ ಪಾಲೂ ಅದರಲ್ಲಿದೆ, ಕೊಟ್ಟಿಗೆಯ ಪಾಲೂ ಇದೆ. ಆದರೆ ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ ಕರ್ನಾಟಕದ ಸುಮಾರು ಅರ್ಧದಷ್ಟು ಮಾದರಿಗಳಲ್ಲಿ ನೈಟ್ರೇಟ್ ಮಿತಿ ಮೀರಿದೆ ಅಂತ ಓದಿದಾಗ ನನಗೆ ನೆನಪಾದದ್ದು ಅಪ್ಪನ ತುಂಬದ ಗುಂಡಿ.

ಆಳ ಯಾಕೆ ಕೆಟ್ಟದ್ದು ಅಂತ ನಿಮಗೆ ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ. ಮಣ್ಣಿನ ಮೇಲಿನ ನಾಲ್ಕೈದು ಅಡಿಯಲ್ಲಿ ಗಾಳಿ ಆಡುತ್ತದೆ, ಬೇರು ಇರುತ್ತದೆ, ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿರುತ್ತವೆ. ಹೊಲಸನ್ನು ತಿಂದು ಮಣ್ಣು ಮಾಡುವ ಕೆಲಸ ಅವುಗಳದ್ದು. ಗುಂಡಿಯಿಂದ ಇಂಗಿದ ನೀರು ಒಣ ಮಣ್ಣಿನಲ್ಲಿ ಆರೇಳು ಅಡಿ ಇಳಿಯುವಷ್ಟರಲ್ಲಿ ರೋಗಾಣುಗಳು ಬಹುಪಾಲು ಅಲ್ಲೇ ಸಿಕ್ಕಿಬಿದ್ದು ಸಾಯುತ್ತವೆ. ನೀವು ಇಪ್ಪತ್ತು ಅಡಿ ತೆಗೆದರೆ ಈ ಪದರವನ್ನೇ ದಾಟಿಹೋದಿರಿ. ನಮ್ಮ ಬಯಲುಸೀಮೆಯಲ್ಲಿ ಅಷ್ಟು ಆಳಕ್ಕೆ ಜಿಲಿಬಂಡೆ, ಅದರ ತುಂಬ ಬಿರುಕು. ಬಿರುಕಿಗೆ ಬಿದ್ದ ನೀರು ಸೋಸಿಹೋಗುವುದಿಲ್ಲ, ಪೈಪಿನಲ್ಲಿ ಹೋದ ಹಾಗೆ ಹೋಗುತ್ತದೆ. ಲೆಕ್ಕ ಇಷ್ಟೇ: ಗುಂಡಿಯ ತಳಕ್ಕೂ ಮಳೆಗಾಲದಲ್ಲಿ ನೀರು ಏರುವ ಮಟ್ಟಕ್ಕೂ ನಡುವೆ ಎರಡು ಮೀಟರ್, ಬಾವಿಗೂ ಗುಂಡಿಗೂ ನಡುವೆ ಹತ್ತು ಮೀಟರ್. ಕಡಿಮೆ ಅಂದರೆ ಇಷ್ಟಾದರೂ ಇರಬೇಕು.

ಐದಾರು ಜನರ ಮನೆಗೆ ಮೂರು ಅಡಿ ಅಗಲ, ನಾಲ್ಕು ಅಡಿ ಆಳದ ಗುಂಡಿ ಸಾಕು. "ಇದೇನು ಸಾ, ಕೋಳಿ ಗೂಡಾ?" ಅಂತ ಒಬ್ಬ ಮೇಸ್ತ್ರಿ ನನ್ನ ಮುಖಕ್ಕೇ ನಕ್ಕಿದ್ದ. ಅಂಥವು ಎರಡು ಬೇಕು ಅನ್ನುವುದೇ ಇದರ ಗುಟ್ಟು. ಒಂದು ತುಂಬಲು ಮೂರರಿಂದ ಐದು ವರ್ಷ ಹಿಡಿಯುತ್ತದೆ. ತುಂಬಿದ ದಿನ, ಬೇಸಿನ್ನಿನ ಪೈಪು ಎರಡು ಗುಂಡಿಗೆ ಕವಲೊಡೆಯುವ ಚೇಂಬರಿನ ಮುಚ್ಚಳ ತೆಗೆದು, ಆ ಕಡೆಯ ಬಾಯಿಗೆ ಇಟ್ಟಿಗೆ ಇಟ್ಟು, ಈ ಕಡೆಯ ಬಾಯಿ ಬಿಚ್ಚಿದರಾಯಿತು. ಮೊದಲನೆಯದು ಎರಡು ವರ್ಷ ಹಾಗೇ ಮಲಗಿರಲಿ. ಜಂತುಹುಳುವಿನ ಮೊಟ್ಟೆ ಕೂಡ ಅಷ್ಟರಲ್ಲಿ ಸಾಯುತ್ತದೆ. ತೆಗೆದಾಗ ಸಿಗುವುದು ಕಾಫಿಪುಡಿ ಬಣ್ಣದ, ವಾಸನೆಯಿಲ್ಲದ ಗೊಬ್ಬರ.

2017ರ ಫೆಬ್ರವರಿಯಲ್ಲಿ ತೆಲಂಗಾಣದ ವಾರಂಗಲ್ ಕಡೆಯ ಗಂಗದೇವಿಪಲ್ಲಿಯಲ್ಲಿ ಕೇಂದ್ರ ಸರ್ಕಾರದ ಕುಡಿಯುವ ನೀರು ಮತ್ತು ನೈರ್ಮಲ್ಯ ಸಚಿವಾಲಯದ ಕಾರ್ಯದರ್ಶಿ ಪರಮೇಶ್ವರನ್ ಅಯ್ಯರ್ ತಾವೇ ಇಂಥ ಗುಂಡಿಗೆ ಇಳಿದು ಗೊಬ್ಬರ ಎತ್ತಿದರು. ಐಎಎಸ್ ಅಧಿಕಾರಿಯೊಬ್ಬ ಸಂಡಾಸಿನ ಗುಂಡಿಗೆ ಇಳಿದ ಸುದ್ದಿ ನಮ್ಮ ಕಚೇರಿಯಲ್ಲಿ ಒಂದು ವಾರ ತಮಾಷೆಯ ವಸ್ತುವಾಗಿತ್ತು. ನಕ್ಕವರಲ್ಲಿ ನಾನೂ ಒಬ್ಬ.

ಎರಡು ಗುಂಡಿ ತೆಗೆದ ಕಡೆಯೂ ನಾನು ಕಂಡ ಅವಾಂತರ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಒಂದು ಗುಂಡಿ ತುಂಬಿ ಅದರಿಂದ ಇನ್ನೊಂದಕ್ಕೆ ಹರಿಯಲಿ ಅಂತ ನಡುವೆ ಪೈಪು ಕೊಟ್ಟವರಿದ್ದೀರಿ. ಹಾಗೆ ಮಾಡಿದರೆ ಎರಡೂ ಸದಾ ಒದ್ದೆ, ಯಾವುದನ್ನೂ ಕೈಯಲ್ಲಿ ಮುಟ್ಟುವ ಹಾಗಿಲ್ಲ. ಗುಂಡಿಯ ಒಳಗೋಡೆಗೆ ಚೆನ್ನಾಗಿರಲಿ ಅಂತ ನುಣ್ಣಗೆ ಪ್ಲಾಸ್ಟರಿಂಗ್ ಮಾಡಿದವರಿದ್ದೀರಿ. ಇಟ್ಟಿಗೆ ನಡುವೆ ಕಿಂಡಿ ಬಿಟ್ಟು ಕಟ್ಟುವುದೇ ನೀರು ಮಣ್ಣಿಗೆ ಹೋಗಲಿ ಅಂತ. ಗುಂಡಿಗೆ ಗಾಳಿ ಪೈಪು ನಿಲ್ಲಿಸುತ್ತೀರಿ, ಬೇಕಿಲ್ಲ. ಗಾಳಿ ಕಿಂಡಿಯಿಂದ ಮಣ್ಣಿಗೇ ಹೋಗುತ್ತದೆ. ಪೇಟೆಯ ಚಪ್ಪಟೆ ಬೇಸಿನ್ನು ಕೂರಿಸಿದರೆ ಅರ್ಧ ಬಕೆಟ್ ನೀರು ಸುರಿಯಬೇಕು. ಕಡಿದಾದ ಇಳಿಜಾರಿನ ಹಳ್ಳಿ ಬೇಸಿನ್ನಿಗೆ ಎರಡು ಲೀಟರಿನ ಒಂದು ಚೊಂಬು ಸಾಕು. ಕೊನೆಯದಾಗಿ ಬಚ್ಚಲ ನೀರನ್ನು ತಂದು ಇದೇ ಗುಂಡಿಗೆ ಬಿಡುವುದು. ಅದೊಂದನ್ನು ದಯವಿಟ್ಟು ಮಾಡಬೇಡಿ. ಗುಂಡಿ ಮೂರು ತಿಂಗಳಲ್ಲಿ ಉಕ್ಕುತ್ತದೆ, ಆಮೇಲೆ ಎರಡು ಗುಂಡಿಯ ಶೌಚಾಲಯ ನಮ್ಮೂರಿಗೆ ಆಗಿಬರಲ್ಲ ಅಂತ ಊರೆಲ್ಲ ಸುದ್ದಿ.

ಮಣ್ಣಿನ ವಿಷಯ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ನಾನು ಪುಸ್ತಕದಲ್ಲಿ ಓದಿದ್ದು, ನೀವು ಗುದ್ದಲಿಯಲ್ಲಿ ಓದಿದ್ದು. ಗದಗ, ಧಾರವಾಡ ಕಡೆಯ ಎರೆಮಣ್ಣಿನಲ್ಲಿ ನೀರು ಇಂಗುವುದು ಬಹಳ ನಿಧಾನ, ಮಳೆಗಾಲದಲ್ಲಿ ಮಣ್ಣು ಉಬ್ಬಿ ಗೋಡೆಯನ್ನೇ ಒಳಕ್ಕೆ ತಳ್ಳುತ್ತದೆ. ಅಲ್ಲಿ ಗುಂಡಿಯ ಸುತ್ತ ಒಂದು ಅಡಿ ಮರಳು, ಇಟ್ಟಿಗೆ ಚೂರು ತುಂಬಬೇಕು, ಅಗಲ ಹೆಚ್ಚಿಸಬೇಕು. ಕರಾವಳಿಯ ಜಂಬಿಟ್ಟಿಗೆ ನೆಲದಲ್ಲಿ ತದ್ವಿರುದ್ಧ: ಹಾಕಿದ್ದು ಹಾಕಿದ ಹಾಗೆ ಇಂಗಿ, ಮನೆಗೊಂದರಂತೆ ಇರುವ ಬಾವಿಗೆ ಸೇರುತ್ತದೆ. ಅಲ್ಲಿ ತಳವನ್ನು ಮುಚ್ಚಿ, ಸುತ್ತ ದಪ್ಪಗೆ ಮರಳು ಕೊಟ್ಟು ನೀರಿನ ವೇಗ ತಗ್ಗಿಸಬೇಕು. ನೀರು ಮೇಲೇ ಇರುವ ಗದ್ದೆ ಬಯಲಿನಲ್ಲಿ ಗುಂಡಿಯನ್ನು ನೆಲದಿಂದ ಎತ್ತರಿಸಿ ಕಟ್ಟಿ ಸುತ್ತ ಮಣ್ಣು ಏರಿಸಬೇಕು. ಇಡೀ ರಾಜ್ಯಕ್ಕೆ ಒಂದೇ ನಕ್ಷೆ ಅಂಟಿಸಿದ್ದು ನಮ್ಮಂಥವರ ಸೋಮಾರಿತನ. ಒಂದು ಅಡಿ ಗುಳಿ ತೆಗೆದು, ರಾತ್ರಿಯಿಡೀ ನೀರು ನಿಲ್ಲಿಸಿ, ಬೆಳಿಗ್ಗೆ ಮತ್ತೆ ತುಂಬಿ, ಅರ್ಧ ಗಂಟೆಯಲ್ಲಿ ಎಷ್ಟು ಇಳಿಯಿತು ಅಂತ ಕಡ್ಡಿಯಲ್ಲಿ ಅಳೆದರೆ ಆ ಹಿತ್ತಲಿನ ಮಣ್ಣೇ ನಿಮಗೆ ಎಸ್ಟಿಮೇಟ್ ಹೇಳುತ್ತದೆ.

ಇನ್ನು ‘ಸೆಪ್ಟಿಕ್ ಟ್ಯಾಂಕ್’. ಹಳ್ಳಿಯಲ್ಲಿ ಹತ್ತು ಜನ ನಮ್ಮನೇಲಿ ಸೆಪ್ಟಿಕ್ ಟ್ಯಾಂಕ್ ಇದೆ ಅಂದರೆ ನಾನು ಹತ್ತೂ ಚಪ್ಪಡಿ ಎತ್ತಿಸಿ ನೋಡದೆ ನಂಬುವುದಿಲ್ಲ. ಎಷ್ಟೋ ಕಡೆ ಅದು ತಳವಿಲ್ಲದ ಹಗೇವು. ಉಳಿದ ಕಡೆ ಗಟ್ಟಿ ತೊಟ್ಟಿ, ಆದರೆ ಹೊರಗೆ ಬರುವ ಪೈಪು ನೇರ ರಸ್ತೆ ಚರಂಡಿಗೆ. ಟ್ಯಾಂಕಿನಿಂದ ಹೊರಬರುವ ನೀರು ನೋಡಲು ತಿಳಿಯಾಗಿದ್ದರೂ ರೋಗಾಣು ತುಂಬಿದ ನೀರು. ಅದಕ್ಕೆ ಇಂಗುಗುಂಡಿ ಇರಲೇಬೇಕು. ಒಳಗೆ ಎರಡು ಕೋಣೆ, ನಡುವೆ ಅಡ್ಡಗೋಡೆ, ಎರಡು ಮೂರು ವರ್ಷಕ್ಕೊಮ್ಮೆ ಹೂಳು ತೆಗೆಸುವುದು, ಇಷ್ಟು ಇದ್ದರೆ ಮಾತ್ರ ಅದಕ್ಕೆ ಆ ಹೆಸರು ಒಪ್ಪುತ್ತದೆ.

ಹೂಳು ತೆಗೆಸುವುದು ಅಂದೆ. ತೆಗೆಯುವವರು ಯಾರು?

ಇಲ್ಲಿ ನಾವೆಲ್ಲ ದನಿ ತಗ್ಗಿಸುತ್ತೇವೆ. ಗುಂಡಿ ತೋಡುವವರು ಒಂದು ಕೇರಿಯವರಿರಬಹುದು, ಕಟ್ಟುವವರು ಇನ್ನೊಂದು ಕೇರಿಯವರಿರಬಹುದು. ತುಂಬಿದ ಗುಂಡಿಗೆ ಇಳಿಯಲು ಮಾತ್ರ ಯಾರ ಮನೆ ಬಾಗಿಲಿಗೆ ಹೋಗಿ ಕರೆಯುತ್ತಾರೆ ಅಂತ ಎಲ್ಲ ಊರಿಗೂ ಗೊತ್ತು. ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, 1970ರ ದಶಕದಲ್ಲೇ, ತಲೆಯ ಮೇಲೆ ಮಲ ಹೊರುವುದನ್ನು ಈ ರಾಜ್ಯ ನಿಷೇಧಿಸಿತು. ಅದಾಗಿ ಮೂರೂವರೆ ದಶಕದ ಮೇಲೆ, 2010ರ ಜುಲೈನಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ರಕ್ಷಣಾ ಸಾಧನವಿಲ್ಲದೆ ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯನನ್ನು ಇಳಿಸುವುದು ಅಪರಾಧ: ಮೊದಲ ಸಲಕ್ಕೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಹಾಗೆ ಇಳಿದವನು ಸತ್ತರೆ ಕುಟುಂಬಕ್ಕೆ 30 ಲಕ್ಷ ಪರಿಹಾರ ಕೊಡಬೇಕೆಂದು 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ‘ಮೊಮ್ಮಕ್ಕಳ ಕಾಲಕ್ಕೂ ತುಂಬಾಕಿಲ್ಲ’ ಅಂತ ನೀವು ಕಟ್ಟಿಕೊಟ್ಟದ್ದು ಒಂದು ದಿನ ತುಂಬಿದಾಗ, ಅದು ಯಾರದೋ ಮೊಮ್ಮಗನನ್ನು ಕರೆಯುತ್ತದೆ. ನಾಲ್ಕು ಅಡಿಯ ಗುಂಡಿ, ಎರಡು ವರ್ಷ ಮುಚ್ಚಿಟ್ಟದ್ದು, ಯಾರನ್ನೂ ಕರೆಯುವುದಿಲ್ಲ. ಮನೆಯವನೇ ಗುದ್ದಲಿ ಹಿಡಿಯಬಹುದು. ಎರಡು ಗುಂಡಿಯ ಪರವಾಗಿ ಎಂಜಿನಿಯರಿಂಗಿನ ಲೆಕ್ಕ ಎಷ್ಟೇ ಇದ್ದರೂ ನನಗೆ ದೊಡ್ಡದಾಗಿ ಕಾಣುವ ಕಾರಣ ಇದೇ.

ನಿಮ್ಮ ಜೀವದ ಮಾತೂ ಒಂದಿದೆ. ಹೊಸ ಟ್ಯಾಂಕು, ಇನ್ನೂ ಒಂದು ಹನಿ ಹೊಲಸು ಬಿದ್ದಿಲ್ಲ. ಮೇಲೆ ಮೋಲ್ಡ್ ಹಾಕಿ ಹದಿನೈದು ದಿನ ಬಿಟ್ಟು, ಸೆಂಟ್ರಿಂಗ್ ಹಲಗೆ ಬಿಚ್ಚಲು ಹುಡುಗನೊಬ್ಬ ಕೆಳಗೆ ಇಳಿಯುತ್ತಾನೆ. ಮಾತಿಲ್ಲ. ಅವನನ್ನು ಎತ್ತಲು ಇನ್ನೊಬ್ಬ ಇಳಿಯುತ್ತಾನೆ, ಆಮೇಲೆ ಮೂರನೆಯವನು. ಹೊಸ ಟ್ಯಾಂಕಿನಲ್ಲಿ ಏನು ಗ್ಯಾಸು ಅಂತ ನಾವು ಅಂದುಕೊಳ್ಳುತ್ತೇವೆ. ಒದ್ದೆ ಹಲಗೆ, ಒಳಗೆ ನಿಂತ ಕ್ಯೂರಿಂಗ್ ನೀರು ಕೊಳೆತು ಅಲ್ಲಿನ ಆಮ್ಲಜನಕವನ್ನೆಲ್ಲ ತಿಂದುಬಿಟ್ಟಿರುತ್ತದೆ. ಹಳೇ ಟ್ಯಾಂಕಿನ ವಿಷಗಾಳಿಯಂತೂ ಮೊದಲು ಕೊಳೆತ ಮೊಟ್ಟೆಯಂತೆ ನಾರಿ, ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ಹೋಯಿತು ಅಂತ ಇಳಿದವನು ಹೋದ. ದೀಪ ಇಳಿಸಿ ನೋಡುವ ಹಳೇ ಪದ್ಧತಿಯೂ ಬೇಡ, ಮೀಥೇನ್ ಇದ್ದರೆ ಹತ್ತಿಕೊಳ್ಳುತ್ತದೆ. ಎರಡೂ ಬಾಯಿ ತೆರೆದು ಒಂದು ಪೂರ್ತಿ ದಿನ ಬಿಡಿ, ಬ್ಲೋವರ್ ಹಚ್ಚಿ ಗಾಳಿ ತುಂಬಿ, ಸೊಂಟಕ್ಕೆ ಹಗ್ಗ ಕಟ್ಟಿ, ಹಗ್ಗದ ತುದಿ ಮೇಲೆ ಇಬ್ಬರ ಕೈಲಿರಲಿ. ಒಳಗೆ ಬಿದ್ದವನನ್ನು ಹಗ್ಗದಲ್ಲೇ ಎಳೆಯಬೇಕು, ಹಿಂದೆ ಇಳಿಯಬಾರದು.

ಈಗ ಸಕ್ಕಿಂಗ್ ಗಾಡಿ ಬಂದಿದೆ, ಇಳಿಯುವ ಪ್ರಸಂಗ ಕಡಿಮೆಯಾಗಿದೆ. ಆದರೆ ಗಾಡಿ ಹೀರಿದ್ದನ್ನು ಖಾಲಿ ಮಾಡುವುದು ಎಲ್ಲಿ? ರಾತ್ರಿ ಹೊತ್ತು ಕೆರೆ ಕೋಡಿಯಲ್ಲಿ, ಇಲ್ಲವೇ ಯಾರದೋ ಹೊಲದಲ್ಲಿ. ದೇವನಹಳ್ಳಿಯಲ್ಲಿ 2015ರಲ್ಲೇ ಮಲತ್ಯಾಜ್ಯ ಸಂಸ್ಕರಿಸಿ ಗೊಬ್ಬರ ಮಾಡುವ ಘಟಕ ಬಂತು, ದಿನಕ್ಕೆ ಆರು ಸಾವಿರ ಲೀಟರು ಸಾಮರ್ಥ್ಯದ್ದು, ದೇಶಕ್ಕೇ ಮಾದರಿ ಅನ್ನಿಸಿಕೊಂಡದ್ದು. ಹಳ್ಳಿಗಳ ಗುಂಪಿಗೊಂದು ಅಂಥ ಘಟಕ ಆಗಬೇಕು. ಅದು ನಿಮ್ಮ ಕೈಯಲ್ಲಿರುವ ಕೆಲಸವಲ್ಲ, ಬಿಡಿ. ಗಾಡಿಯೇ ಬೇಡದ ಗುಂಡಿ ಕಟ್ಟುವುದು ನಿಮ್ಮ ಕೈಯಲ್ಲಿದೆ.

ಬಚ್ಚಲ ನೀರಿಗೆ ಬರುತ್ತೇನೆ. ನಮ್ಮಜ್ಜಿ ಕಾಲದಲ್ಲಿ ಬಚ್ಚಲ ಹಿಂದೆ ಬಾಳೆ ಇತ್ತು, ಅದರ ಬುಡದಲ್ಲಿ ಕೆಸ ಇತ್ತು. ಬಿಂದಿಗೆಯಲ್ಲಿ ಹೊತ್ತು ತಂದ ನೀರು, ಅಳೆದು ಸುರಿದುಕೊಂಡು ಸ್ನಾನ, ಸೀಗೆಪುಡಿ. ಹೋದ ನೀರನ್ನು ಬಾಳೆ ಕುಡಿಯುತ್ತಿತ್ತು. ಊರಿಗೆ ಚರಂಡಿಯೇ ಬೇಕಿರಲಿಲ್ಲ. ಈಗ ಜಲಜೀವನ್ ಮಿಷನ್ನಿನಲ್ಲಿ, ನಮ್ಮಲ್ಲಿ ಮನೆ ಮನೆಗೆ ಗಂಗೆ ಅನ್ನುವ ಯೋಜನೆಯಲ್ಲಿ, ತಲೆಗೆ ದಿನಕ್ಕೆ 55 ಲೀಟರ್ ನೀರು ಕೊಡುವ ಗುರಿ. ಹೆಂಗಸರ ಸೊಂಟ ಉಳಿಯಿತು, ಒಳ್ಳೇದೇ ಆಯಿತು. ಆದರೆ ಒಳಗೆ ಬಂದ ಗಂಗೆ ಹೊರಗೂ ಹೋಗಬೇಕಲ್ಲ. ಐದು ಜನರ ಮನೆಗೆ 275 ಲೀಟರ್ ಬಂದರೆ ಸುಮಾರು 190 ಲೀಟರ್ ಬಚ್ಚಲಿಂದ, ಪಾತ್ರೆ ತೊಳೆಯುವ ಕಲ್ಲಿನಿಂದ ಹೊರಗೆ ಬರುತ್ತದೆ. ಮುನ್ನೂರು ಮನೆಯ ಊರಿಗೆ ಲೆಕ್ಕ ಹಾಕಿ, ದಿನಾ ಹತ್ತು ಟ್ರ್ಯಾಕ್ಟರ್ ಟ್ಯಾಂಕರ್ ಕೊಳೆ ನೀರು. ನಲ್ಲಿ ಹಾಕಿದ ದಿನ ಪೂಜೆ ಮಾಡಿದೆವು, ಈ ಹತ್ತು ಟ್ಯಾಂಕರಿಗೆ ದಾರಿ ಎಲ್ಲಿ ಅಂತ ಯಾರೂ ಕೇಳಲಿಲ್ಲ.

ದಾರಿ ಅಂದರೆ ನಮಗೆ ಗೊತ್ತಿರುವುದು ಒಂದೇ, ಸಿಮೆಂಟ್ ಕಾಂಕ್ರೀಟಿನ ಸಿ.ಸಿ. ಚರಂಡಿ. ಅನುದಾನ ಬಂದಾಗ ಪಂಚಾಯ್ತಿ ಸದಸ್ಯರೆಲ್ಲ ಹಂಚಿಕೊಳ್ಳುತ್ತಾರೆ, ಒಬ್ಬೊಬ್ಬರ ಬೀದಿಗೆ ಅರವತ್ತು ಮೀಟರ್. ಆ ಅರವತ್ತು ಮೀಟರ್ ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಬಿಲ್ಲೂ ಮುಗಿಯಿತು. ನೀರು ಮಾತ್ರ ಮುಗಿಯುವುದಿಲ್ಲ. ನಾನು ಅಳೆದ ಒಂದು ಚರಂಡಿ ಅಂಗನವಾಡಿ ಬಾಗಿಲಲ್ಲಿ ನಿಂತಿತ್ತು. ಎಂ.ಬಿ.ಯಲ್ಲಿ ಉದ್ದ, ಅಗಲ, ಆಳ ಬರೆದೆ. ‘ಕೊನೆ’ ಅನ್ನುವ ಕಾಲಂ ಆ ಪುಸ್ತಕದಲ್ಲಿ ಇಲ್ಲ. ದೊಡ್ಡ ಊರುಗಳಲ್ಲಿ ಅದು ಕೆರೆಗೆ ಹೋಗುತ್ತದೆ. ಬಹಳ ಊರುಗಳಲ್ಲಿ ತಗ್ಗಿನಲ್ಲಿರುವ ಕೇರಿಗೆ ಹೋಗುತ್ತದೆ. ನೀರು ಇಳಿಜಾರಿಗೆ ಹೋಗುತ್ತೆ ಕಣ್ರೀ, ನಾವೇನು ಮಾಡೋಣ ಅಂತ ನಾವು ಎಂಜಿನಿಯರುಗಳು ಕೈ ತೊಳೆದುಕೊಂಡೆವು. ಇಳಿಜಾರು ದೇವರು ಮಾಡಿದ್ದಿರಬಹುದು. ಆ ಜನರ ಮನೆಗಳನ್ನು ಇಳಿಜಾರಿನ ಬುಡಕ್ಕೆ ತಳ್ಳಿದ್ದು ದೇವರಲ್ಲ.

ನಲ್ಲಿ ಪೈಪನ್ನು ಚರಂಡಿಯ ಒಳಗೇ ಹಾಯಿಸುವ ಇನ್ನೊಂದು ಚಾಳಿ ಇದೆ, ರಸ್ತೆ ಅಗೆಯುವುದು ತಪ್ಪಲಿ ಅಂತ. ಕರೆಂಟು ಹೋಗಿ ಮೋಟಾರು ನಿಂತಾಗ ಪೈಪಿನ ಒತ್ತಡ ಇಳಿಯುತ್ತದೆ. ಆಗ ಬಿರುಕು ಬಿಟ್ಟ ಕಡೆ ಚರಂಡಿಯ ನೀರನ್ನು ಪೈಪೇ ಒಳಕ್ಕೆ ಎಳೆದುಕೊಳ್ಳುತ್ತದೆ. 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತ ಸುದ್ದಿ ಓದಿದ ಮೇಲೆ, ಯಾವ ಊರಿಗೆ ಮದುವೆಗೆ ಹೋದರೂ ನಾನು ಮೊದಲು ಚರಂಡಿ ಇಣುಕಿ ನೋಡುತ್ತೇನೆ. ಹೆಂಡತಿಗೆ ಅದು ಮುಜುಗರ.

ಇಷ್ಟಕ್ಕೂ ಹಿತ್ತಲು ಇರುವ ಮನೆಗೆ ಚರಂಡಿಯೇ ಬೇಡ. ಬಚ್ಚಲುಗುಂಡಿ ಸಾಕು. ಮೂರು ಅಡಿ ಅಗಲ, ಮೂರು ಅಡಿ ಉದ್ದ, ಮೂರು ನಾಲ್ಕು ಅಡಿ ಆಳ. ಅಡಿಯಲ್ಲಿ ದಪ್ಪ ಕಲ್ಲು, ಮೇಲೆ ಮೇಲೆ ಸಣ್ಣ ಕಲ್ಲು, ನಡುವೆ ತೂತು ಮಾಡಿದ ಒಂದು ಮಡಕೆ, ಅದರಲ್ಲಿ ತೆಂಗಿನ ನಾರು. ಪಾತ್ರೆ ತೊಳೆದ ನೀರಿನ ಜಿಡ್ಡು, ಅನ್ನದ ಅಗುಳು, ತಲೆಗೂದಲು ಎಲ್ಲ ಆ ನಾರಿಗೆ ಸಿಗುತ್ತದೆ. ತಿಂಗಳಿಗೊಮ್ಮೆ ನಾರು ಬದಲಿಸಿದರೆ ಗುಂಡಿ ವರ್ಷಗಟ್ಟಲೆ ಬಾಳುತ್ತದೆ. ಬದಲಿಸದಿದ್ದರೆ ಆರು ತಿಂಗಳಲ್ಲಿ ಜಿಡ್ಡು ಕಟ್ಟಿ ಸಾಯುತ್ತದೆ. ಇದನ್ನು ಮನೆ ಯಜಮಾನನಿಗೆ ಹೇಳಬೇಡಿ, ಯಜಮಾನಿಗೆ ಹೇಳಿ. ಬಚ್ಚಲು ಅವರ ರಾಜ್ಯ. ಮಹಾರಾಷ್ಟ್ರದ ನಾಂದೇಡ್ ಜಿಲ್ಲೆಯಲ್ಲಿ, ನಮ್ಮ ಬೀದರಿನ ಆಚೆ ಮಗ್ಗುಲಲ್ಲಿ, ಮನೆ ಮನೆಗೆ ಇಂಥ ಗುಂಡಿ ಮಾಡಿ ಬೀದಿ ಚರಂಡಿಗಳನ್ನೇ ಮುಚ್ಚಿದ ಹಳ್ಳಿಗಳಿವೆ. ಚರಂಡಿ ಇಲ್ಲದಿದ್ದರೆ ಸೊಳ್ಳೆಗೆ ಮೊಟ್ಟೆ ಇಡಲು ಜಾಗವೂ ಕಡಿಮೆ. ಉದ್ಯೋಗ ಖಾತ್ರಿಯಲ್ಲಿ ನಮ್ಮ ರಾಜ್ಯದಲ್ಲೂ ಬಚ್ಚಲುಗುಂಡಿ ಅಭಿಯಾನ ನಡೆಯಿತು. ಒಳ್ಳೆಯ ಗುಂಡಿಗಳೂ ಆದವು. ಕೆಲವು ಕಡೆ ಬರೀ ಕಲ್ಲು ಸುರಿದು ಫೋಟೊ ಹೊಡೆದದ್ದೂ ಆಯಿತು, ನಿಮಗೆ ನಾನು ಹೇಳಬೇಕಾಗಿಲ್ಲ.

ದುಡ್ಡಿರಲಿಲ್ಲ ಅನ್ನುವ ಮಾತನ್ನು ನಂಬಬೇಡಿ. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಪಂಚಾಯ್ತಿ ಅನುದಾನದಲ್ಲಿ ನೂರಕ್ಕೆ 60 ರೂಪಾಯಿ ನೀರು, ನೈರ್ಮಲ್ಯಕ್ಕೇ ಕಟ್ಟಿಟ್ಟದ್ದಾಗಿತ್ತು. ಸ್ವಚ್ಛ ಭಾರತದ ಎರಡನೇ ಹಂತದಲ್ಲಿ ಕೊಳೆ ನೀರಿನ ಕೆಲಸಕ್ಕೆಂದೇ ಐದು ಸಾವಿರದವರೆಗಿನ ಜನಸಂಖ್ಯೆಯ ಊರಿಗೆ ತಲೆಗೆ 280 ರೂಪಾಯಿ, ಅದಕ್ಕಿಂತ ದೊಡ್ಡ ಊರಿಗೆ 660 ರೂಪಾಯಿವರೆಗೆ ಅವಕಾಶವಿತ್ತು. ಸಾವಿರದ ಐನೂರು ಜನರ ಊರಿಗೆ ನಾಲ್ಕು ಲಕ್ಷ ಇಪ್ಪತ್ತು ಸಾವಿರ. ಅದರಲ್ಲಿ ಎಷ್ಟು ಮಡಕೆ, ಎಷ್ಟು ನಾರು ಬರುತ್ತಿತ್ತು ನೋಡಿ.

ದುಡ್ಡಿನ ಮಾತಾಯಿತು, ಇನ್ನು ಕಟ್ಟುವ ಕೈಗಳ ಮಾತು. ಜಾರ್ಖಂಡದಲ್ಲಿ ಶೌಚಾಲಯ ಕಟ್ಟಲು ಗಂಡಸರು ಸಾಲದೆ ಹೆಂಗಸರಿಗೇ ಗಾರೆ ಕೆಲಸ ಕಲಿಸಿದರು. ಅವರನ್ನು ‘ರಾಣಿ ಮಿಸ್ತ್ರಿ’ ಅನ್ನುತ್ತಾರೆ. ನಮ್ಮಲ್ಲಿ ಹೆಂಗಸರು ಬಾಂಡ್ಲಿ ಹೊರುತ್ತಾರೆ, ಕರಣೆ ಹಿಡಿಯಲು ಬಿಡುವುದಿಲ್ಲ. ಇದನ್ನು ಓದುತ್ತಿರುವ ಮೇಸ್ತ್ರಿಗಳಲ್ಲಿ ಒಬ್ಬರಾದರೂ ತಮ್ಮ ಜೊತೆ ಕಲೆಸುವ ಅಕ್ಕನ ಕೈಗೆ ಕರಣೆ ಕೊಟ್ಟು ನೋಡಿ ಅಂತ ನನಗೆ ಆಸೆ.

ನಾನು ಕೇಳುವುದು ದೊಡ್ಡದೇನಲ್ಲ. ನಾಳೆ ಹಾರೆಯಲ್ಲಿ ಗೀರು ಎಳೆಯುವ ಮೊದಲು ಬಾವಿ ಎಲ್ಲಿದೆ ಅಂತ ಕೇಳಿ. ಚರಂಡಿಗೆ ನೂಲು ಕಟ್ಟುವ ಮೊದಲು ಇದರ ಕೊನೆ ಎಲ್ಲಿ ಅಂತ ಕಂಟ್ರಾಕ್ಟರನ್ನು ಕೇಳಿ. ಅವನು ಮುಖ ನೋಡಿದರೆ, ರಸಮಟ್ಟ ಬ್ಯಾಗಿಗೆ ಹಾಕಿಕೊಂಡು ಒಂದು ಬೀಡಿ ಸೇದುತ್ತ ಕೂತುಬಿಡಿ. ಜೆ.ಇ. ಬಂದರೆ ಅವನನ್ನೂ ಕೇಳಿ. ನನ್ನನ್ನು ಮೂವತ್ತೊಂದು ವರ್ಷದಲ್ಲಿ ಒಬ್ಬ ಮೇಸ್ತ್ರಿಯೂ ಕೇಳಲಿಲ್ಲ. ಕೇಳಿದ್ದರೆ ಸಿಟ್ಟು ಮಾಡಿಕೊಳ್ಳುತ್ತಿದ್ದೆ, ನಿಜ. ರಾತ್ರಿ ಮಾತ್ರ ನಿದ್ದೆ ಬರುತ್ತಿರಲಿಲ್ಲ.

ಅಪ್ಪನ ಇಪ್ಪತ್ತೆರಡು ಅಡಿಯ ಗುಂಡಿಯನ್ನು ಮುಚ್ಚಿಸಿ ಎರಡು ಸಣ್ಣ ಗುಂಡಿ ಕಟ್ಟಿಸಿದ್ದೇನೆ. ಕಟ್ಟಿದವರು ಆ ಹಿರಿಯ ಮೇಸ್ತ್ರಿಯ ಮಗ. ಕಿಂಡಿ ಬಿಟ್ಟು ಇಟ್ಟಿಗೆ ಇಡುವಾಗ "ಇದು ಬಿದ್ದೋಯ್ತದೆ ಸಾ" ಅಂತ ಮೂರು ಸಲ ಹೇಳಿದರು. ಬಿದ್ದಿಲ್ಲ. ಮೊದಲ ಗುಂಡಿ ಮುಚ್ಚಿ ಈ ಯುಗಾದಿಗೆ ಎರಡು ವರ್ಷ ತುಂಬುತ್ತದೆ. ಹೊಸತೊಡಕು ಕಳೆದ ಮಾರನೇ ದಿನ ಬೆಳಿಗ್ಗೆ ಚಪ್ಪಡಿ ತೆಗೆಯುತ್ತೇನೆ, ನಾನೇ ಇಳಿಯುತ್ತೇನೆ. ತೆಂಗಿನ ಬುಡಕ್ಕೆ ಪಾತಿ ಮಾಡಿ ಇಟ್ಟಿದ್ದೇನೆ. ಸುತ್ತಮುತ್ತಲ ಊರಿನ ಮೇಸ್ತ್ರಿಗಳು ಯಾರಿಗೆ ಬಿಡುವಿದೆಯೋ ಬನ್ನಿ. ಕಾಫಿ, ತಿಂಡಿ ನಮ್ಮಲ್ಲೇ. ಗುದ್ದಲಿ ಇದೆ, ಬಾಂಡ್ಲಿ ಒಂದೇ ಇರುವುದು. ಬರುವಾಗ ಇನ್ನೊಂದು ತನ್ನಿ.

ಇಂತಿ ನಿಮ್ಮವ,
ಟೇಪಿನ ಇನ್ನೊಂದು ತುದಿ ಹಿಡಿದಿದ್ದವನು